ಅಜ್ಜನ ಟ್ರಂಕಿನ ಬೆಳ್ಳಿ ಡಾಲರು: ಗ್ರೇಡಿಂಗ್‌ಗೆ ಕಳಿಸಬೇಕಾ?

ಪ್ರಶ್ನೆ (ಉಡುಪಿಯಿಂದ): ನಮಸ್ತೆ ಸರ್. ನಮ್ಮ ಅಜ್ಜ ಮುಂಬಯಿ ಬಂದರಿನಲ್ಲಿ ಗುಮಾಸ್ತರಾಗಿದ್ದರು. ಅವರ ಟ್ರಂಕಿನಲ್ಲಿ ಎರಡು ದೊಡ್ಡ ಬೆಳ್ಳಿ ನಾಣ್ಯ ಸಿಕ್ಕಿವೆ. ಒಂದು ಕಡೆ ತ್ರಿಶೂಲ, ಗುರಾಣಿ ಹಿಡಿದು ನಿಂತ ಹೆಂಗಸು, ಹಿಂದೆ ಹಡಗು, ಸುತ್ತ ಇಂಗ್ಲಿಷಿನಲ್ಲಿ ‘ಒನ್ ಡಾಲರ್’. ಇನ್ನೊಂದು ಕಡೆ ಚೀನೀ ಅಕ್ಷರ, ಅರಬ್ಬಿ ಥರದ ಬರಹ. ಒಂದರ ಮೇಲೆ 1899, ಇನ್ನೊಂದರ ಮೇಲೆ 1930 ಅಂತಿದೆ. ಅಮೆರಿಕದಲ್ಲಿರುವ ತಂಗಿ ಮಗ ರಜೆಗೆ ಬರುತ್ತಿದ್ದಾನೆ. ಅವನ ಕೈಲಿ ಕಳಿಸಿ, ಅಲ್ಲಿ ಗ್ರೇಡಿಂಗ್ (ನಾಣ್ಯ ಪರೀಕ್ಷಿಸಿ ಅಂಕ ಕೊಡುವುದು) ಮಾಡಿಸೋಣ ಅಂತ. ಕಳಿಸುವ ಮೊದಲು ತೊಳೆಯಬೇಕಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ತೊಳೆಯಬೇಡಿ. ಹುಣಸೆಹಣ್ಣು ಬೇಡ, ವಿಭೂತಿ ಬೇಡ, ಟೂತ್‌ಪೇಸ್ಟ್ ಬೇಡವೇ ಬೇಡ.

ನಿಮ್ಮ ಹತ್ತಿರ ಇರುವುದು ಬ್ರಿಟಿಷ್ ಟ್ರೇಡ್ ಡಾಲರ್. 1895ರಿಂದ 1935ರವರೆಗೆ ಟಂಕಿಸಿದ ನಾಣ್ಯ ಇದು. ಹಾಂಗ್‌ಕಾಂಗ್, ಸಿಂಗಪುರದ ಕಡೆಯ ವ್ಯಾಪಾರಕ್ಕೆ ಮಾಡಿದ್ದು, ನಮ್ಮ ದೇಶದಲ್ಲಿ ಚಲಾವಣೆಗೆ ಅಲ್ಲ. ಆದರೆ ಹೆಚ್ಚಿನವು ಹುಟ್ಟಿದ್ದು ಮುಂಬಯಿ ಟಂಕಸಾಲೆಯಲ್ಲೇ. ಒಂದು ಭೂತಗನ್ನಡಿ ತೆಗೆದುಕೊಂಡು ತ್ರಿಶೂಲದ ನಡುವಿನ ಮೊನೆ ನೋಡಿ. ಅಲ್ಲಿ ಇರುವೆಗಿಂತ ಸಣ್ಣದಾಗಿ ‘ಬಿ’ ಅಕ್ಷರ ಇದ್ದರೆ ಅದು ಬಾಂಬೆ. 1930ರದ್ದು ಲಂಡನ್ನಿನಲ್ಲೂ ಟಂಕಿಸಿದ್ದಾರೆ, ಅದರಲ್ಲಿ ಗುರುತು ಇರುವುದಿಲ್ಲ. ಅರಬ್ಬಿ ಥರ ಕಾಣುವುದು ಜಾವಿ ಲಿಪಿಯಲ್ಲಿ ಬರೆದ ಮಲಯ್ ಭಾಷೆ, ‘ಒಂದು ರಿಂಗಿಟ್’ ಅಂತ.

ಇನ್ನು ತಂಗಿ ಮಗನ ವಿಷಯ. 1899ರ ನಾಣ್ಯವನ್ನು ಅವನ ಕೈಗೆ ಕೊಡಲೇಬೇಡಿ. 1972ರ ಪುರಾತನ ವಸ್ತುಗಳ ಕಾಯ್ದೆ ಪ್ರಕಾರ ನೂರು ವರ್ಷ ದಾಟಿದ ನಾಣ್ಯವೂ ಪುರಾತನ ವಸ್ತು. ಅದನ್ನು ನಾವು ನೀವು ದೇಶದ ಹೊರಗೆ ಒಯ್ಯುವ ಹಾಗಿಲ್ಲ. ಅಂಚೆಯಲ್ಲಿ ಹೋದರೂ ಒಂದೇ, ಸೂಟ್‌ಕೇಸಿನಲ್ಲಿ ಹೋದರೂ ಒಂದೇ. ‘ಗ್ರೇಡ್ ಆಗಿ ವಾಪಸ್ ಬರುತ್ತೆ’ ಅನ್ನುವ ಸಬೂಬು ವಿಮಾನ ನಿಲ್ದಾಣದಲ್ಲಿ ನಡೆಯೋದಿಲ್ಲ. ಜೈಲು ಶಿಕ್ಷೆವರೆಗೂ ಹೋಗುವ ಮಾತು ಇದು. ಪಾಪ, ಹುಡುಗನನ್ನು ಯಾಕೆ ಸಿಕ್ಕಿಸುತ್ತೀರಿ? 1930ರದ್ದಕ್ಕೆ ಇನ್ನೂ ನೂರು ತುಂಬಿಲ್ಲ, ಆ ತೊಡಕು ಇಲ್ಲ. ಆದರೆ ಅದನ್ನು ಕಳಿಸುವಷ್ಟು ಗಿಟ್ಟುತ್ತದಾ ಅನ್ನುವುದು ಬೇರೆ ಪ್ರಶ್ನೆ.

ಪ್ರಶ್ನೆ (ಧಾರವಾಡದಿಂದ): ಸರ್, ಗ್ರೇಡಿಂಗ್ ಅಂದರೆ ಬೆಲೆ ಕಟ್ಟುವುದಾ? ಎಂಎಸ್ 63 ಅಂತೆಲ್ಲ ಬರೆದಿರುತ್ತಾರಲ್ಲ, ಅದೇನು?

ಉತ್ತರ: ಬೆಲೆ ಕಟ್ಟುವುದಲ್ಲ. ಅಸಲಿ ಹೌದೋ ಅಲ್ಲವೋ, ಎಷ್ಟು ಸವೆದಿದೆ, ಇವೆರಡನ್ನೇ ಹೇಳುವುದು. ಈ ಕೆಲಸ ಮಾಡುವ ಅಮೆರಿಕದ ಸಂಸ್ಥೆಗಳಲ್ಲಿ ಪಿಸಿಜಿಎಸ್ 1986ರಲ್ಲಿ, ಎನ್‌ಜಿಸಿ 1987ರಲ್ಲಿ ಶುರುವಾದವು. ನಾಣ್ಯವನ್ನು ನೋಡಿ, 1ರಿಂದ 70ರೊಳಗೆ ಒಂದು ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಸೀಲ್ ಮಾಡುತ್ತಾರೆ. ನಮ್ಮ ಬಾಯಲ್ಲಿ ಅದು ಸ್ಲ್ಯಾಬ್. ಈ 70ರ ಲೆಕ್ಕ ಶೆಲ್ಡನ್ ಅನ್ನುವವರು 1949ರಲ್ಲಿ ಅಮೆರಿಕದ ಹಳೆ ತಾಮ್ರದ ಸೆಂಟುಗಳಿಗೆ ಅಂತ ಮಾಡಿಕೊಂಡದ್ದು. ಈಗ ಜಗತ್ತಿನ ನಾಣ್ಯಕ್ಕೆಲ್ಲ ಅದೇ ಅಳತೆ.

60ರಿಂದ ಮೇಲೆ ಎಂಎಸ್ (ಮಿಂಟ್ ಸ್ಟೇಟ್), ಅಂದರೆ ಕೈಯಿಂದ ಕೈಗೆ ಓಡಾಡದ ನಾಣ್ಯ. 50ರಿಂದ 58 ಎಯು, ಅಂದರೆ ಸವೆತ ಆಗಷ್ಟೇ ಶುರುವಾಗಿದೆ. ಈ ಡಾಲರಿನಲ್ಲಿ ನಾನು ಮೊದಲು ನೋಡುವುದು ಆ ಹೆಂಗಸಿನ ಎದೆ, ತೊಡೆ, ಶಿರಸ್ತ್ರಾಣ. ಉಬ್ಬಿರುವ ಜಾಗ ಮೊದಲು ಸವೆಯುತ್ತದೆ, ಅಲ್ವಾ? ದೀಪದ ಕೆಳಗೆ ನಾಣ್ಯವನ್ನು ಮೆಲ್ಲಗೆ ಓರೆ ಮಾಡುತ್ತಾ ಬನ್ನಿ. ಹೊಸ ನಾಣ್ಯದಲ್ಲಿ ಬೆಳಕು ಗಾಡಿಚಕ್ರದ ಕಡ್ಡಿಗಳ ಹಾಗೆ ಸುತ್ತುತ್ತದೆ. ಸವೆದ ಜಾಗಕ್ಕೆ ಬಂದಾಗ ಆ ಬೆಳಕು ಕಡಿದುಹೋಗಿ, ಮಂಕು ಬೂದು ತೇಪೆ ಕಾಣುತ್ತದೆ.

ತೊಳೆದ ನಾಣ್ಯದಲ್ಲಿ ಇದಾವುದೂ ಇರುವುದಿಲ್ಲ. ಸುಮ್ನೆ ಸ್ಟೀಲ್ ಲೋಟದ ಹಾಗೆ ಹೊಳೆಯುತ್ತದೆ, ಭೂತಗನ್ನಡಿ ಹಿಡಿದರೆ ಕೂದಲೆಳೆಯಂಥ ಗೀರುಗಳು. ಅಂಥದ್ದಕ್ಕೆ ಅಂಕ ಕೊಡುವುದಿಲ್ಲ. ‘ಡೀಟೇಲ್ಸ್, ಕ್ಲೀನ್ಡ್’ ಅಂತ ಬರೆದು ಕಳಿಸುತ್ತಾರೆ. ಶುಲ್ಕ ಮಾತ್ರ ಪೂರ್ತಿ. ನನಗೂ ಆ ಪಾಠ ಆಗಿದೆ. ಒಂದು ಮರಿಯಾ ತೆರೇಸಾ ಥೇಲರ್ ಕಳಿಸಿದ್ದೆ, 1780 ಅಂತ ಇಸವಿ ಇರುವ ಆಸ್ಟ್ರಿಯಾದ ನಾಣ್ಯ. ಅದೇ ಇಸವಿ ಇಟ್ಟು ಆಮೇಲೂ ಟಂಕಿಸುತ್ತಲೇ ಬಂದಿದ್ದಾರೆ, 1940ರ ಸುಮಾರಿಗೆ ನಮ್ಮ ಮುಂಬಯಿಯಲ್ಲೂ ಟಂಕಿಸಿದ್ದರು. ನನ್ನದು ಮುಂಬಯಿಯದ್ದೇ, ನೂರು ವರ್ಷ ಆಗಿಲ್ಲ ಅಂದುಕೊಂಡು, ಅಮೆರಿಕಕ್ಕೆ ಕಳಿಸಿಕೊಡುವ ಏಜೆಂಟರಿಗೂ ಹಾಗೇ ಹೇಳಿ ಕಳಿಸಿದೆ. ಮಾರಿದವನು ಅದನ್ನು ಉಜ್ಜಿದ್ದು ನನ್ನ ಕಣ್ಣಿಗೆ ಬೀಳಲಿಲ್ಲ. ಮೂರು ತಿಂಗಳು ಕಾದು ಡಬ್ಬಿ ತೆರೆದರೆ ಆ ಎರಡು ಪದ. ಹೆಂಡತಿ ಕೇಳಿದಳು, ‘ಇಷ್ಟು ಹೇಳುವುದಕ್ಕೆ ಅಮೆರಿಕಕ್ಕೆ ಹೋಗಬೇಕಿತ್ತಾ?’

ಪ್ರಶ್ನೆ (ಮೈಸೂರಿನಿಂದ): ನಮ್ಮಮ್ಮನ ಕಾಸಿನ ಸರದಲ್ಲಿದ್ದ ಬೆಳ್ಳಿ ರೂಪಾಯಿಗಳಿವೆ ಅಣ್ಣ. ಕೊಂಡಿ ಕೀಳಿಸಿ ಕಳಿಸಬಹುದಾ?

ಉತ್ತರ: ಬೆಸುಗೆ ಹಾಕಿದ ಗುರುತು ಹೋಗುವುದಿಲ್ಲಮ್ಮ, ಅದೂ ಡೀಟೇಲ್ಸ್ ಆಗುತ್ತದೆ. ಸರವನ್ನು ಸರವಾಗಿಯೇ ಇಟ್ಟುಕೊಳ್ಳಿ.

ಪ್ರಶ್ನೆ (ಉಡುಪಿಯವರೇ): ಅಸಲಿಯೋ ನಕಲಿಯೋ ಅಂತ ಮನೆಯಲ್ಲೇ ನೋಡಬಹುದಾ ಸರ್?

ಉತ್ತರ: ಖಂಡಿತ. ಟ್ರೇಡ್ ಡಾಲರಿನ ನಕಲಿಗಳು ಜಾಸ್ತಿ, ಹಾಗಾಗಿ ಇದನ್ನು ಮಾಡಲೇಬೇಕು. ಅಯಸ್ಕಾಂತಕ್ಕೆ ಅಂಟಿದರೆ ಕಥೆ ಅಲ್ಲಿಗೇ ಮುಗಿಯಿತು. ಅಂಟದಿದ್ದರೆ ತೂಗಿ. ಲೆಕ್ಕದ ಪ್ರಕಾರ 26.95 ಗ್ರಾಂ ಇರಬೇಕು. ಸವೆದಿದ್ದರೆ ಚೂರು ಕಮ್ಮಿ, ಜಾಸ್ತಿ ಮಾತ್ರ ಇರಬಾರದು. ಅಗಲ 39 ಮಿಲಿಮೀಟರ್, ಬೆಳ್ಳಿ ನೂರಕ್ಕೆ 90.

ತೂಕ ಸರಿ ಬಂತು ಅಂತ ನೆಮ್ಮದಿ ಬೇಡ, ದಪ್ಪ ಹೆಚ್ಚಿಸಿ ತೂಕ ಸರಿಮಾಡುವವರಿದ್ದಾರೆ. ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಅರ್ಧ ಲೋಟ ನೀರಿಟ್ಟು ಸೊನ್ನೆ ಮಾಡಿ. ನಾಣ್ಯಕ್ಕೆ ಮೆತ್ತನೆ ದಾರ ಸುತ್ತಿ, ಪೂರ್ತಿ ಮುಳುಗುವ ಹಾಗೆ ಆದರೆ ತಳಕ್ಕೂ ಪಕ್ಕಕ್ಕೂ ತಾಗದ ಹಾಗೆ ಇಳಿಬಿಡಿ. ತಕ್ಕಡಿ 2.6 ಗ್ರಾಂ ಆಸುಪಾಸು ತೋರಿಸಿದರೆ ಬೆಳ್ಳಿ. 3 ಗ್ರಾಂ ಹತ್ತಿರ ಹೋದರೆ ತಾಮ್ರ, ನಿಕ್ಕಲ್ ಥರದ್ದು. ಆಮೇಲೆ ಉಜ್ಜದೆ, ಮೆತ್ತನೆ ಬಟ್ಟೆಯ ಮೇಲಿಟ್ಟು ಆರಲು ಬಿಡಿ. ಬೆಳ್ಳಿಯಲ್ಲೇ ಮಾಡಿದ ನಕಲಿಗೆ ಮಾತ್ರ ಈ ಪರೀಕ್ಷೆ ಸಾಲದು, ಅದಕ್ಕೆ ಪಳಗಿದ ಕಣ್ಣೇ ಬೇಕು.

ಪ್ರಶ್ನೆ (ದುಬೈಯಿಂದ): ನಾನು ಸ್ಲ್ಯಾಬ್ ಆಗಿರುವುದನ್ನೇ ಕೊಳ್ಳುತ್ತೇನೆ. ಆಗ ಚಿಂತೆ ಇಲ್ಲ ತಾನೇ?

ಉತ್ತರ: ಸ್ಲ್ಯಾಬ್ ಕೂಡ ನಕಲಿ ಬರುತ್ತದೆ ಸ್ವಾಮಿ. ಅದರ ಮೇಲಿನ ನಂಬರನ್ನು ಆ ಸಂಸ್ಥೆಯ ಜಾಲತಾಣದಲ್ಲಿ ಹಾಕಿ ನೋಡಿ. ಕೆಲವಕ್ಕೆ ಫೋಟೋ ಇರುತ್ತದೆ. ಅದೇ ಕಲೆ, ಅದೇ ಗೀರು ನಿಮ್ಮ ನಾಣ್ಯದ ಮೇಲೂ ಇದೆಯಾ ಅಂತ ಹೋಲಿಸಿ. ಬರೀ ನಂಬರನ್ನು ಯಾರು ಬೇಕಾದರೂ ಕದಿಯಬಹುದು.

ಪ್ರಶ್ನೆ (ಉಡುಪಿಯವರೇ): ಸರ್, ಎರಡನ್ನೂ ನೋಡಿದೆ. ನೀರಿನಲ್ಲಿ ಎರಡೂ 2.6 ತೋರಿಸಿದವು. 1930ರಲ್ಲಿ ತ್ರಿಶೂಲದ ಮೇಲೆ ‘ಬಿ’ ಸಿಕ್ಕಿತು! ಎದೆ, ತೊಡೆ ಎರಡೂ ಕಡೆ ನೀವು ಹೇಳಿದ ಬೂದು ತೇಪೆ. 1899ರ ಮೇಲೆ ಎರಡು ಸಣ್ಣ ಚೀನೀ ಮುದ್ರೆ ಕುಟ್ಟಿದ್ದಾರೆ. ಅದನ್ನು ದೀಪಾವಳಿಗೆ ಚಿಕ್ಕಮ್ಮ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದರಂತೆ.

ಉತ್ತರ: ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸಿ. ಆ ಮುದ್ರೆಗಳನ್ನು ಚಾಪ್ ಮಾರ್ಕ್ ಅನ್ನುತ್ತಾರೆ. ಬೆಳ್ಳಿ ಅಪ್ಪಟ ಅಂತ ನೋಡಿಕೊಂಡ ಚೀನೀ ಸಾಹುಕಾರರು ತಮ್ಮ ಗುರುತು ಕುಟ್ಟುತ್ತಿದ್ದರು. ಅದು ಕುಂದಲ್ಲ, ಅದನ್ನೇ ಹುಡುಕಿ ಸೇರಿಸುವವರಿದ್ದಾರೆ. ನನಗಂತೂ ಅಂಥದ್ದೇ ಇಷ್ಟ. ಬಂದರಿನ ಗುಮಾಸ್ತರ ಕೈಗೆ ಅದು ಪೂರ್ವದ ಕಡೆಯಿಂದ ತಿರುಗಿ ಬಂದಿರಬೇಕು.

1930ರ ಬಾಂಬೆ ಡಾಲರು ಸುಲಭವಾಗಿ ಸಿಗುವಂಥದ್ದು. ಅದೇ 1935ರದ್ದಾಗಿದ್ದರೆ ನಾನೇ ಬಸ್ಸು ಹತ್ತಿ ಬರುತ್ತಿದ್ದೆ, ಆ ವರ್ಷದವನ್ನು ಹೆಚ್ಚುಕಮ್ಮಿ ಎಲ್ಲ ಕರಗಿಸಿಬಿಟ್ಟಿದ್ದರು. ನಿಮ್ಮದು ಸವೆದೂ ಇದೆ. ಗ್ರೇಡಿಂಗ್ ಶುಲ್ಕ, ಕಳಿಸುವ ತರಿಸುವ ಖರ್ಚು, ವಿಮೆ, ಕಸ್ಟಮ್ಸ್ ಎಲ್ಲ ಸೇರಿದರೆ ಅಂಕ ಸಿಕ್ಕಿ ಏರುವ ಬೆಲೆಗಿಂತ ಜಾಸ್ತಿ ಆಗುತ್ತದೆ. ಬಿಡಿ.

ಒಂದೇ ಒಂದು ಕೆಲಸ ಮಾಡಿ. ಈಗ ಅವು ಮೆತ್ತನೆ ಪಿವಿಸಿ ಪ್ಲಾಸ್ಟಿಕ್ ಕವರಿನಲ್ಲಿದ್ದರೆ ಇವತ್ತೇ ತೆಗೆಯಿರಿ, ಅದರಿಂದ ಹಸಿರು ಜಿಡ್ಡು ಕೂರುತ್ತದೆ. ನಿಮ್ಮ ಕರಾವಳಿಯ ಸೆಕೆಗೆ ಇನ್ನೂ ಬೇಗ. ತಂಗಿ ಮಗ ಹೇಗೂ ಬರುತ್ತಾನಲ್ಲ, 39 ಮಿಲಿಮೀಟರ್ ಅಳತೆಯ ಮೈಲಾರ್ (ಪಿವಿಸಿ ಇಲ್ಲದ ಪ್ಲಾಸ್ಟಿಕ್) ಹೋಲ್ಡರ್ ಒಂದು ಡಬ್ಬ ತರಲು ಹೇಳಿ.