ಸಹಾಯ ಬೇಕು: ಹಳೇ ಬುರುಡೆ ಬಲ್ಬುಗಳ ಆಯಸ್ಸು ಹೋಲಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಅಜ್ಜನ ಮನೆಯ ಅಟ್ಟ ಗುಡಿಸುವಾಗ ಒಂದು ಟ್ರಂಕಿನ ತುಂಬ ಹಳೇ ತಂತಿ ಬಲ್ಬುಗಳು ಸಿಕ್ಕವು. ನಾನು ಮೊದಲೇ ಕೂಡಿಟ್ಟವೂ ಸೇರಿ ಈಗ 34 ಇವೆ. ಎರಡರ ನೆತ್ತಿಯ ಮೇಲೆ ಗಾಜಿನ ಚೂಪು ಮೊನೆಯಿದೆ, ಅವೇ ಎಲ್ಲಕ್ಕಿಂತ ಹಳೆಯವು ಅನ್ಕೊಂಡಿದ್ದೀನಿ. ರಟ್ಟಿನ ಡಬ್ಬಿ ಉಳಿದಿರುವುದು ಆರಕ್ಕೆ ಮಾತ್ರ.

ಎಷ್ಟು ಗಂಟೆ ಬಾಳಿಕೆ ಅಂತ ಒಂದು ಪಟ್ಟಿ ಮಾಡಬೇಕು. ತೊಡಕಿರುವುದು ಇಲ್ಲೇ. 1924ರಲ್ಲಿ ದೊಡ್ಡ ಕಂಪನಿಗಳೆಲ್ಲ ಜಿನೀವಾದಲ್ಲಿ ಫೀಬಸ್ ಅನ್ನೋ ಕೂಟ ಕಟ್ಟಿಕೊಂಡು ಬಲ್ಬಿನ ಆಯಸ್ಸನ್ನು 1000 ಗಂಟೆಗೆ ಇಳಿಸಿದವು, ಮೀರಿದವರಿಗೆ ದಂಡ ಬೇರೆ! ಹಾಗಾಗಿ ಅದಕ್ಕಿಂತ ಹಿಂದಿನವನ್ನು ಬೇರೆ ಗುಂಪಿಗೆ ಹಾಕಬೇಕು.

ಇನ್ನೊಂದು, ವೋಲ್ಟೇಜು. 250 ವೋಲ್ಟಿನ ಬಲ್ಬನ್ನು ನಮ್ಮ 230ರಲ್ಲಿ ಉರಿಸಿದರೆ ಲೆಕ್ಕದ ಪ್ರಕಾರ ಆಯಸ್ಸು ಸುಮಾರು ಮೂರು ಪಟ್ಟು, ಬೆಳಕು ಮಾತ್ರ ಮಂಕು. 220ರದ್ದಾದರೆ ಹೆಚ್ಚುಕಮ್ಮಿ ಅರ್ಧಕ್ಕೇ ಢಮಾರ್. ಕ್ಯಾಲಿಫೋರ್ನಿಯಾದ ಲಿವರ್‌ಮೋರ್ ಅಗ್ನಿಶಾಮಕ ಠಾಣೆಯ ಬಲ್ಬು 1901ರಿಂದ ಉರಿಯುತ್ತಿದೆ ಅಂತ ಎಲ್ಲರೂ ಬೆರಗಾಗ್ತಾರೆ, ಆದರೆ ಈಗ ಅದು ಕೊಡೋದು ನಾಲ್ಕು ವ್ಯಾಟಿನಷ್ಟು ಮಿಣುಕು ಬೆಳಕು. ಅದನ್ನ ಹೋಲಿಕೆಗೆ ತಗೊಳ್ಳೋದು ನ್ಯಾಯ ಅಲ್ಲ.

ನನಗೆ ಬೇಕಾಗಿರೋದು ಇಷ್ಟು: ಗಂಟೆ ಅಚ್ಚಾಗಿರುವ ಹಳೇ ಡಬ್ಬಿ ನಿಮ್ಮಲ್ಲಿದ್ದರೆ ದಯವಿಟ್ಟು ಫೋಟೋ ಹಾಕಿ. ಗಾಜಿನ ಮೇಲಿನ ಮುದ್ರೆ ಅಳಿಸದಂತೆ ಧೂಳು ತೆಗೆಯೋದು ಹೇಗೆ? ಒದ್ದೆ ಬಟ್ಟೆಯಲ್ಲಿ ಒರೆಸಿ ಒಂದರ ಹೆಸರು ಆಗಲೇ ಕಳೆದುಕೊಂಡೆ. ಮತ್ತೆ, ಬೆಂಗಳೂರಲ್ಲಿ ಯಾರ ಹತ್ರನಾದ್ರೂ ವೇರಿಯಾಕ್ (ವೋಲ್ಟೇಜನ್ನು ಬೇಕಾದಷ್ಟಕ್ಕೆ ಏರಿಳಿಸೋ ಟ್ರಾನ್ಸ್‌ಫಾರ್ಮರ್) ಇದ್ದರೆ ಒಂದು ದಿನಕ್ಕೆ ಕೊಡ್ತೀರಾ?