ಮಾರಿದ ಫೋನಿನಲ್ಲೇ ಉಳಿದ ಇ-ಸಿಮ್: 2,774 ರೂಪಾಯಿ ಬಿಲ್ ಯಾರು ಕಟ್ಟಬೇಕು?

ಮಂಡಿ_ರೈಟರ್ (ಕೋಲಾರ), ಮೇ 5, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಕೋಲಾರ ಎಪಿಎಂಸಿಯ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ನನಗೆ ಎರಡು ನಂಬರ್. ಮನೆಯದು ಒಂದು, ರೈತರು ರೇಟು ಕೇಳಿ ಫೋನ್ ಮಾಡುವುದಕ್ಕೆ ಇನ್ನೊಂದು. ಎರಡನೆಯದು ಪೋಸ್ಟ್‌ಪೇಯ್ಡ್, ತಿಂಗಳಿಗೆ 399ರ ಪ್ಲಾನ್.

ಏಪ್ರಿಲ್ 12ರಂದು ಹಳೆ ಫೋನನ್ನು ಶ್ರೀನಿವಾಸಪುರದ ಒಬ್ಬ ಹುಡುಗನಿಗೆ 9,500ಕ್ಕೆ ಕೊಟ್ಟೆ. ದುಡ್ಡು ಯುಪಿಐನಲ್ಲಿ ಬಂತು. ಸಿಮ್ ತೆಗೆದುಕೊಂಡೆ, ರೀಸೆಟ್ ಮಾಡಿದೆ, ಬಾಕ್ಸು, ಚಾರ್ಜರ್ ಸಮೇತ ಕೊಟ್ಟು ಕಳಿಸಿದೆ. ಆಗ ಮಂಡಿಗೆ ಮಾಲು ಕಡಿಮೆ, ಆ ನಂಬರಿಗೆ ಫೋನೂ ಕಡಿಮೆ, ಹಾಗಾಗಿ ಅದರ ಕಡೆ ಗಮನವೇ ಹೋಗಲಿಲ್ಲ.

ಇವತ್ತು ಇಮೇಲಿಗೆ ಬಿಲ್ ಬಂದಿದೆ, 2,774 ರೂಪಾಯಿ. ಬಾಡಿಗೆ 399. ಕುವೈತಿಗೆ 62 ನಿಮಿಷ ಕರೆ, ನಿಮಿಷಕ್ಕೆ 20ರಂತೆ 1,240. ಇವೆರಡರ ಮೇಲೆ ಜಿಎಸ್‌ಟಿ 295. ಇದರ ಜೊತೆಗೆ ಆಪ್ ಸ್ಟೋರ್ ಖರೀದಿ ಅಂತ 840. ಕುವೈತಿನಲ್ಲಿ ನನಗೆ ಯಾರೂ ಇಲ್ಲ, ಗೇಮ್ ನಾನು ಆಡುವವನಲ್ಲ. ಹುಡುಗನಿಗೆ ಫೋನ್ ಮಾಡಿದರೆ, "ಅಣ್ಣಾ, ಫೋನಲ್ಲಿ ಎರಡು ಟವರ್ ತೋರಿಸ್ತಾ ಇತ್ತು, ನಿಮ್ದು ಅಂತ ಗೊತ್ತಿರಲಿಲ್ಲ, ನಮ್ ಭಾವ ಕುವೈತಲ್ಲಿದಾನೆ ಅದಕ್ಕೆ ಮಾಡಿದೆ" ಅಂತಾನೆ. ಫೋನ್ ನನ್ನದಲ್ಲ, ಕರೆ ನನ್ನದಲ್ಲ. ಬಿಲ್ ಮಾತ್ರ ನನ್ನದು ಹೇಗಾಗುತ್ತೆ?

ಬಿಎಚ್_ರೋಡ್_ರಿಪೇರಿ (ತುಮಕೂರು), ಮೇ 5, ರಾತ್ರಿ 10:05

ಅಣ್ಣಾ, ತೆಗೆದ ಸಿಮ್ ಯಾವುದು? ಎರಡನೇ ನಂಬರ್ ಇ-ಸಿಮ್ (ಕಾರ್ಡ್ ಇಲ್ಲದೆ ಫೋನಿನೊಳಗೇ ಹಾಕುವ ಸಿಮ್) ಆಗಿತ್ತಾ? ರೀಸೆಟ್ ಒತ್ತುವಾಗ ಇ-ಸಿಮ್ ಕೂಡ ಅಳಿಸಬೇಕಾ ಅಂತ ಒಂದು ಸಾಲು ಬಂದಿರುತ್ತೆ, ಅದಕ್ಕೆ ಟಿಕ್ ಹಾಕಿದ್ರಾ?

ಮಂಡಿ_ರೈಟರ್, ಮೇ 5, ರಾತ್ರಿ 10:12

ಹೌದು, ಎರಡನೆಯದು ಇ-ಸಿಮ್ಮೇ. ತೆಗೆದದ್ದು ಮನೆಯ ನಂಬರಿನ ಸಿಮ್. ಟಿಕ್ ಗಿಕ್ ನೋಡಿದ ನೆನಪಿಲ್ಲ. ರೀಸೆಟ್ ಆದರೆ ಎಲ್ಲ ಹೋಗುತ್ತೆ ಅಂದುಕೊಂಡೆ.

ಬಿಎಚ್_ರೋಡ್_ರಿಪೇರಿ, ಮೇ 5, ರಾತ್ರಿ 10:30

ಅಲ್ಲೇ ಆಗಿರೋದು. ಇ-ಸಿಮ್ ಕೂತಿರುವುದು ಫೋನಿನ ಬೋರ್ಡಿನ ಮೇಲಿರುವ ಬೇರೆಯೇ ಚಿಪ್ಪಿನಲ್ಲಿ. ಫೋಟೋ, ಆಪ್, ಮೆಸೇಜ್ ಇರುವ ಜಾಗ ಬೇರೆ. ರೀಸೆಟ್ ಆ ಜಾಗವನ್ನು ಒರೆಸುತ್ತೆ, ನೀವು ಪ್ರತ್ಯೇಕವಾಗಿ ಹೇಳದಿದ್ದರೆ ಇ-ಸಿಮ್ ಚಿಪ್ಪನ್ನು ಮುಟ್ಟುವುದಿಲ್ಲ. ಆಂಡ್ರಾಯ್ಡ್‌ನಲ್ಲಿ ಅದಕ್ಕೊಂದು ಟಿಕ್ ಬಾಕ್ಸ್ ಇರುತ್ತೆ. ಐಫೋನಿನಲ್ಲಿ ಇ-ಸಿಮ್ ಉಳಿಸಲಾ ಅಳಿಸಲಾ ಅಂತ ಕೇಳುತ್ತೆ. ಅವಸರದಲ್ಲಿ ಉಳಿಸು ಅಂತ ಒತ್ತಿಬಿಡುವವರು ಬಹಳ ಜನ.

ಗೇಮ್ ದುಡ್ಡಿನ ವಿಷಯವೂ ಇದೇ. ಹುಡುಗ ತನ್ನದೇ ಗೂಗಲ್ ಖಾತೆ ಹಾಕಿದ್ದರೂ, ಫೋನಿನಲ್ಲಿ ಪೋಸ್ಟ್‌ಪೇಯ್ಡ್ ಸಿಮ್ ಇದ್ದರೆ "ಮೊಬೈಲ್ ಬಿಲ್ಲಿಗೆ ಸೇರಿಸಿ" ಅನ್ನುವ ಪಾವತಿ ದಾರಿ ತೆರೆದುಕೊಳ್ಳುತ್ತೆ. ಕಾರ್ಡೂ ಬೇಡ, ಯುಪಿಐ ಪಿನ್ನೂ ಬೇಡ.

ಅಂಗಡಿಗೆ ಸೆಕೆಂಡ್ ಹ್ಯಾಂಡ್ ಫೋನ್ ಬಂದರೆ ಕೌಂಟರ್ ಮೇಲೆ ಇಟ್ಟು, ಮಾರುವವರ ಎದುರಿಗೇ ಸೆಟ್ಟಿಂಗ್ಸ್‌ನಲ್ಲಿ ಸಿಮ್ ಮ್ಯಾನೇಜರ್ ತೆಗೆಯುತ್ತೇನೆ. ಸಿಮ್ ಟ್ರೇ ಖಾಲಿ ಇದ್ದರೂ ಅಲ್ಲಿ ಒಂದು ಹೆಸರು ಕಾಣಿಸಿದರೆ ಅದು ಇ-ಸಿಮ್. ಅವರ ಕೈಯಿಂದಲೇ ಅಳಿಸಿಸುತ್ತೇನೆ. ಆಮೇಲೆ *#06# ಒತ್ತಿ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ ನೋಡಿ, ಕೆವೈಎಂ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದು, ಒಂದು ಜಾಗ ಬಿಟ್ಟು ಆ 15 ಅಂಕಿ ಹಾಕಿ 14422ಕ್ಕೆ ಎಸ್ಸೆಮ್ಮೆಸ್ ಕಳಿಸುತ್ತೇನೆ. ಕದ್ದ ಫೋನ್ ಅಂತ ಬ್ಲಾಕ್ ಆಗಿದ್ದರೆ ಉತ್ತರದಲ್ಲಿ ಗೊತ್ತಾಗುತ್ತೆ. ಎರಡೇ ನಿಮಿಷದ ಕೆಲಸ.

ಕೆಜಿಎಫ್_ಗೇಮರ್, ಮೇ 5, ರಾತ್ರಿ 11:15

ಬ್ರೋ ಸಿಂಪಲ್. ಸರ್ಕಾರದ ಸಂಚಾರ್ ಸಾಥಿ ಪೋರ್ಟಲ್‌ಗೆ ಹೋಗಿ ಫೋನ್ ಕಳೆದುಹೋಗಿದೆ ಅಂತ ಹಾಕಿ ಐಎಂಇಐ ಬ್ಲಾಕ್ ಮಾಡ್ಸಿ. ಫೋನೇ ಸತ್ತೋಗುತ್ತೆ, ಅವನೇ ಓಡ್ಬರ್ತಾನೆ.

ಹಳೇ_ಎಕ್ಸ್‌ಚೇಂಜ್ (ಚಿಕ್ಕಬಳ್ಳಾಪುರ), ಮೇ 6, ಬೆಳಿಗ್ಗೆ 6:20

ಮೇಲಿನ ಸಲಹೆಯನ್ನು ದಯವಿಟ್ಟು ಯಾರೂ ಪಾಲಿಸಬೇಡಿ. ಐಎಂಇಐ ಬ್ಲಾಕ್ ಮಾಡಿಸಲು ಪೊಲೀಸ್ ದೂರಿನ ಪ್ರತಿ ಹಾಕಬೇಕು. ಮಾರಿದ ಫೋನನ್ನು ಕಳೆದುಹೋಯಿತು ಅಂತ ಠಾಣೆಯಲ್ಲಿ ಬರೆದುಕೊಟ್ಟರೆ ಅದು ಸುಳ್ಳು ಮಾಹಿತಿ, ಭಾರತೀಯ ನ್ಯಾಯ ಸಂಹಿತೆಯ 217ನೇ ಕಲಂ ಪ್ರಕಾರ ಅಪರಾಧ. 9,500 ಬಂದ ಯುಪಿಐ ದಾಖಲೆ ಹುಡುಗನ ಕೈಯಲ್ಲೇ ಇದೆ. ಈಗ ಬಿಲ್ಲಿನ ಚಿಂತೆ ಮಾತ್ರ ಇರುವವರು ಆಮೇಲೆ ಆರೋಪಿ ಆಗುತ್ತೀರಿ. ಅಲ್ಲದೆ ಐಎಂಇಐ ಬ್ಲಾಕ್ ಆದರೆ ಫೋನ್ ನಿಲ್ಲುತ್ತದೆಯೇ ಹೊರತು ನಿಮ್ಮ ಕನೆಕ್ಷನ್ ಮುಚ್ಚುವುದಿಲ್ಲ. ಬಾಡಿಗೆ ಬರುತ್ತಲೇ ಇರುತ್ತದೆ.

ನಾನು ದೂರವಾಣಿ ಇಲಾಖೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಲ್ಯಾಂಡ್‌ಲೈನ್ ಕಾಲದಲ್ಲಿ ಇದೇ ಜಗಳವನ್ನು ಎಷ್ಟು ಸಲ ನೋಡಿದ್ದೇನೋ. ಮನೆ ಬಾಡಿಗೆಗೆ ಕೊಡುವಾಗ ಫೋನನ್ನೂ ಅಲ್ಲೇ ಬಿಟ್ಟು ಹೋಗುವರು. ಬಾಡಿಗೆಯವರು ಎಸ್‌ಟಿಡಿ ಮಾಡುವರು. ಬಿಲ್ ಮಾತ್ರ ಮಾಲೀಕರ ಹೆಸರಿಗೆ ಬರುವುದು. ಕೌಂಟರಿಗೆ ಬಂದು "ನಾವು ಮಾತಾಡೇ ಇಲ್ಲ ಸ್ವಾಮಿ" ಎಂದು ಕಣ್ಣೀರು ಹಾಕಿದವರಿದ್ದಾರೆ. ಅರ್ಜಿಯಲ್ಲಿ ಸಹಿ ಯಾರದೋ ಬಿಲ್ಲೂ ಅವರದೇ ಎನ್ನದೆ ನಮಗೆ ಬೇರೆ ದಾರಿ ಇರಲಿಲ್ಲ.

ನಿಮ್ಮ ಪ್ರಶ್ನೆಗೂ ಉತ್ತರ ಅದೇ. ನೀವು ಮಾರಿದ್ದು ಡಬ್ಬಿ. ಕನೆಕ್ಷನ್ನನ್ನು ಮಾರಿಲ್ಲ, ಹಾಗೆ ಮಾರಲು ಬರುವುದೂ ಇಲ್ಲ. ಆಧಾರ್ ಕೊಟ್ಟು, ಫೋಟೋ ತೆಗೆಸಿಕೊಂಡು ನಂಬರ್ ಪಡೆದವರು ನೀವು, ಕಂಪನಿಯ ಜೊತೆ ಒಪ್ಪಂದ ನಿಮ್ಮದು. ಫೋನ್ ಯಾರ ಜೇಬಿನಲ್ಲಿತ್ತು ಎನ್ನುವುದು ಕಂಪನಿಗೆ ಸಂಬಂಧಿಸಿದ ವಿಷಯವಲ್ಲ. ಆದ್ದರಿಂದ ನೀವು ತಿಳಿಸುವವರೆಗಿನ ಬಳಕೆಗೆ ಕಂಪನಿಯ ಎದುರು ಹೊಣೆ ನಿಮ್ಮದೇ. ತಿಳಿಸಿ ದೂರಿನ ಸಂಖ್ಯೆ ಪಡೆದ ಗಳಿಗೆಯಿಂದ ಆಚೆಗೆ ಅವರು ನಿಲ್ಲಿಸದೆ ಬಿಟ್ಟರೆ ಅದು ಅವರ ಹೊಣೆ. ಆ ಗಳಿಗೆ ಇನ್ನೂ ಬಂದಿಲ್ಲ, ನಿಮ್ಮ ಮೀಟರ್ ಈಗಲೂ ಓಡುತ್ತಿದೆ. ಮನೆಯ ನಂಬರಿನಿಂದ ಈಗಲೇ ಕಸ್ಟಮರ್ ಕೇರಿಗೆ ಕರೆ ಮಾಡಿ ಐಎಸ್‌ಡಿ (ವಿದೇಶಿ ಕರೆ) ಮತ್ತು ಆಪ್ ಖರೀದಿ ಎರಡನ್ನೂ ನಿಲ್ಲಿಸಲು ಹೇಳಿ. ದೂರಿನ ಸಂಖ್ಯೆ, ಕರೆ ಮಾಡಿದ ಸಮಯ ಎರಡನ್ನೂ ಬರೆದಿಟ್ಟುಕೊಳ್ಳಿ.

ನಂತರ ಕಂಪನಿಯ ಸ್ಟೋರಿಗೆ ಆಧಾರ್ ಸಮೇತ ಹೋಗಿ ಅದೇ ನಂಬರಿಗೆ ಹೊಸ ಸಿಮ್ ಪಡೆಯಿರಿ. ಹೊಸದು ಚಾಲೂ ಆದೊಡನೆ ಆ ಫೋನಿನಲ್ಲಿರುವುದು ಸಾಯುತ್ತದೆ. ಎಸ್ಸೆಮ್ಮೆಸ್ ಮೂಲಕ ಸಿಮ್ ಬದಲಾಯಿಸಲು ಹೋಗಬೇಡಿ, ಕೋಡ್ ಹೋಗುವುದು ಹುಡುಗನ ಕೈಗೆ. ಹುಡುಗನಿಗೆ ಹೇಳಿ ಇ-ಸಿಮ್ ಅಳಿಸಿಸಿದರೆ ಸಾಕಲ್ಲವೇ ಎಂದು ಕೇಳುತ್ತೀರೇನೋ. ಅದರಿಂದ ಫೋನಿನಲ್ಲಿ ನಂಬರ್ ಹೋಗುತ್ತದೆ, ಖಾತೆ ಮುಚ್ಚುವುದಿಲ್ಲ.

ಒಂದು ವಿಷಯ ನನಗೆ ಬಿಲ್ಲಿಗಿಂತ ಹೆಚ್ಚು ಆತಂಕ ತಂದಿದೆ. ಆ ನಂಬರಿಗೆ ಬ್ಯಾಂಕ್ ಖಾತೆ ಜೋಡಿಸಿದ್ದೀರಾ? ಮೂರು ವಾರದಿಂದ ನಿಮ್ಮ ಒಟಿಪಿಗಳು ಶ್ರೀನಿವಾಸಪುರಕ್ಕೆ ಹೋಗುತ್ತಿವೆ.

ಮಂಡಿ_ರೈಟರ್, ಮೇ 6, ಬೆಳಿಗ್ಗೆ 11:45

ಸರ್, ನಿಮ್ಮ ಕೊನೆಯ ಸಾಲು ಓದಿ ಕೈ ನಡುಗಿತು. ಮಂಡಿಯ ಖಾತೆಗೆ ಆ ನಂಬರ್ ಇರಲಿಲ್ಲ, ಆದರೆ ನನ್ನ ಉಳಿತಾಯ ಖಾತೆಗೆ ಇತ್ತು. ಬ್ಯಾಂಕಿಗೆ ಹೋಗಿ ಸ್ಟೇಟ್‌ಮೆಂಟ್ ತೆಗೆಸಿದೆ, ಏನೂ ಆಗಿಲ್ಲ. ನಂಬರ್ ಬದಲಿಸಲು ಅಲ್ಲೇ ಫಾರಂ ಕೊಟ್ಟು ಬಂದೆ. ಕಸ್ಟಮರ್ ಕೇರಿಗೆ 11:20ಕ್ಕೆ ಹೇಳಿದೆ, ದೂರಿನ ಸಂಖ್ಯೆ ಬಂತು. ಐಎಸ್‌ಡಿಯನ್ನು ಹಿಂದೆ ಆನ್ ಮಾಡಿಸಿದ್ದು ನಾನೇ, ಚಿಕ್ಕಪ್ಪನ ಮಗ ದುಬೈಯಲ್ಲಿದ್ದಾಗ. ಹೊರೆ ಜಾಸ್ತಿ ಇರುವುದರಿಂದ ಇವತ್ತು ಮಂಡಿ ಬಿಟ್ಟು ಸ್ಟೋರಿಗೆ ಹೋಗಲು ಆಗಲ್ಲ, ನಾಳೆ ಹೋಗುತ್ತೇನೆ.

ಬಿಲ್ ಕಟ್ಟದೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಲಾ? ಫೋನಿನ ದೂರು ಅಲ್ಲಿ ತೆಗೆದುಕೊಳ್ಳಲ್ಲ ಅಂತ ಒಬ್ಬರು ಹೇಳಿದರು.

ಗ್ರಾಹಕ_ಪರ (ತುಮಕೂರು), ಮೇ 6, ಮಧ್ಯಾಹ್ನ 1:10

ಅವರು ಹೇಳಿದ್ದು ಹಳೇ ಮಾತು. 2009ರಲ್ಲಿ ಸುಪ್ರೀಂ ಕೋರ್ಟಿನ ಒಂದು ತೀರ್ಪಿನಿಂದ ಆ ಬಾಗಿಲು ಮುಚ್ಚಿತ್ತು ನಿಜ. 2022ರ ಫೆಬ್ರವರಿಯಲ್ಲಿ ಅದೇ ಕೋರ್ಟು ಟೆಲಿಕಾಂ ಸೇವೆಯ ದೂರು ಗ್ರಾಹಕ ಆಯೋಗಕ್ಕೆ ಬರಬಹುದು ಎಂದು ಸ್ಪಷ್ಟಪಡಿಸಿದೆ. 2019ರ ಕಾಯ್ದೆಯ ಪ್ರಕಾರ ನೀವಿರುವ ಊರಲ್ಲೇ, ಅಂದರೆ ಕೋಲಾರದ ಜಿಲ್ಲಾ ಆಯೋಗದಲ್ಲೇ ಹಾಕಬಹುದು. 5 ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ.

ಆದರೆ ಏನಂತ ಹಾಕುತ್ತೀರಿ? ಮೊದಲ ಬಿಲ್ಲಿನಲ್ಲಿ ಕಂಪನಿಯ ಲೋಪ ನನಗೆ ಕಾಣುತ್ತಿಲ್ಲ. ಅದನ್ನು ಕಟ್ಟಿಬಿಡಿ. ಪೋಸ್ಟ್‌ಪೇಯ್ಡ್ ಬಾಕಿ ಸಾಲದ ಇತಿಹಾಸದಲ್ಲಿ ಸೇರಿಕೊಳ್ಳುವುದುಂಟು, ನಾಳೆ ಬೈಕ್ ಸಾಲಕ್ಕೆ ಹೋದಾಗ ಅಡ್ಡ ಬರಬಹುದು. ಇವತ್ತು 11:20ರ ನಂತರದ ಕರೆಗೆ ಬಿಲ್ ಹಾಕಿದರೆ ಮಾತ್ರ ಕಂಪನಿಯ ಜೊತೆ ನಿಮ್ಮ ಜಗಳ ಗಟ್ಟಿ. ದೂರಿಗೆ ಸರಿಯಾದ ಉತ್ತರ ಬರದಿದ್ದರೆ ಕಂಪನಿಯದೇ ಮೇಲ್ಮನವಿ ಪ್ರಾಧಿಕಾರ ಇರುತ್ತೆ. 30 ದಿನದೊಳಗೆ ಹಾಕಬೇಕು, ದುಡ್ಡಿಲ್ಲ, 39 ದಿನದಲ್ಲಿ ತೀರ್ಮಾನ ಹೇಳಬೇಕು. ಅದೂ ಆಗದಿದ್ದರೆ ಆಯೋಗ.

ಹುಡುಗನ ಹತ್ತಿರ ಕೇಳುವ ಹಕ್ಕು ನಿಮಗಿದೆ. ಇನ್ನೊಬ್ಬರು ಪುಕ್ಕಟೆಗೆ ಕೊಡದ ಪ್ರಯೋಜನವನ್ನು ಅನುಭವಿಸಿದವನು ಅದರ ಬೆಲೆ ಕೊಡಬೇಕು ಅಂತ 1872ರ ಒಪ್ಪಂದ ಕಾಯ್ದೆಯ 70ನೇ ಕಲಂ ಹೇಳುತ್ತೆ. ಆದರೆ ಎರಡು ಸಾವಿರಕ್ಕೆ ಕೋರ್ಟು ಹತ್ತಬೇಡಿ. ಕರೆಯ ವಿವರ ಮುಂದಿಟ್ಟು ಮಾತಾಡಿ. ಬಾಡಿಗೆ ನಿಮ್ಮದು, ಅದನ್ನು ಅವನ ತಲೆಗೆ ಕಟ್ಟಬೇಡಿ. ಕರೆ ಮತ್ತು ಗೇಮ್ ಅವನದು.

ಹಳೇ_ಎಕ್ಸ್‌ಚೇಂಜ್, ಮೇ 6, ಸಂಜೆ 4:00

ಇವರ ಮಾತಿಗೆ ನನ್ನ ಒಪ್ಪಿಗೆಯೂ ಇದೆ. ಇನ್ನೆರಡು ಮಾತು. ಹೊಸ ಸಿಮ್ ಬಂದ ಮೇಲೆ 24 ಗಂಟೆ ಎಸ್ಸೆಮ್ಮೆಸ್ ಬಂದ್ ಇರುತ್ತದೆ, ಹೆದರಬೇಡಿ. ವಂಚನೆ ತಡೆಯಲು ಮಾಡಿರುವ ನಿಯಮ ಅದು. ಸಂಚಾರ್ ಸಾಥಿಯಲ್ಲಿ ನಿಮ್ಮ ಹೆಸರಿನಲ್ಲಿ ಎಷ್ಟು ನಂಬರ್ ಇವೆ ಎಂದು ನೋಡಿಕೊಳ್ಳಿ, ಆದರೆ ಈ ನಂಬರಿನ ಎದುರು "ನನ್ನದಲ್ಲ" ಎಂದು ಒತ್ತಬೇಡಿ. ಅದು ನಿಮ್ಮದೇ. ಪೂರ್ತಿ ಬೇಡವಾದರೆ "ಬೇಕಿಲ್ಲ" ಎನ್ನುವುದು ಬೇರೆ ಇದೆ, ಹಾಗೆ ಮಾಡಿದರೂ ಹಳೆ ಬಾಕಿ ತಪ್ಪುವುದಿಲ್ಲ. ಬಿಟ್ಟುಕೊಟ್ಟ ನಂಬರನ್ನು 90 ದಿನದ ನಂತರ ಬೇರೆಯವರಿಗೆ ಕೊಡಬಹುದು. ಆದ್ದರಿಂದ ಬ್ಯಾಂಕು, ಆಧಾರ್, ವಾಟ್ಸಾಪ್ ಎಲ್ಲ ಬದಲಿಸಿದ ಮೇಲೆಯೇ ಬಿಡಿ.

ಮಂಡಿ_ರೈಟರ್, ಮೇ 9, ರಾತ್ರಿ 8:30

7ನೇ ತಾರೀಕು ಸ್ಟೋರಿಗೆ ಹೋಗಿದ್ದೆ. ಆಧಾರ್, ಬೆರಳಚ್ಚು, ಫೋಟೋ ಆದ ಮೇಲೆ ಸಿಮ್ ಕೊಟ್ಟರು. ಅಲ್ಲೇ ಬೆಂಚಿನ ಮೇಲೆ ಕೂತೆ. ಸುಮಾರು ಮುಕ್ಕಾಲು ಗಂಟೆಗೆ ನನ್ನ ಫೋನಿನಲ್ಲಿ ಟವರ್ ಬಂತು. ಹುಡುಗನಿಗೆ ಕರೆ ಮಾಡಿ ಕೇಳಿದರೆ, "ಒಂದು ಟವರ್ ಹೋಯ್ತಣ್ಣಾ" ಅಂದ. ಆಗ ಉಸಿರು ಬಂತು.

ಬಿಲ್ ನಾನೇ ಕಟ್ಟಿದೆ. ಭಾನುವಾರ ಹುಡುಗನನ್ನು ಬರಹೇಳಿದ್ದೇನೆ. ಆದರೆ 6ರ ರಾತ್ರಿ ಮತ್ತೆ ಎರಡು ಕುವೈತ್ ಕರೆ ಹೋಗಿವೆ, ಒಟ್ಟು 8 ನಿಮಿಷ. ನಿಲ್ಲಿಸಿದ್ದೇವೆ ಅಂತ ಕೇರಿನವರು ಬೆಳಿಗ್ಗೆಯೇ ಹೇಳಿದ್ದರು.

ಗ್ರಾಹಕ_ಪರ, ಮೇ 9, ರಾತ್ರಿ 9:00

ಈ ಎಂಟು ನಿಮಿಷ ನಿಮ್ಮದಲ್ಲ. 160 ರೂಪಾಯಿ, ಜಿಎಸ್‌ಟಿ ಸೇರಿ 188.80. ಚಿಕ್ಕ ಮೊತ್ತ ಅಂತ ಬಿಡಬೇಡಿ. ದೂರಿನ ಸಂಖ್ಯೆ, 11:20ರ ಸಮಯ, ಎರಡು ಕರೆಗಳ ಸಮಯ ಹಾಕಿ ಇವತ್ತೇ ಇಮೇಲ್ ಬರೆಯಿರಿ.

ಮಂಡಿ_ರೈಟರ್, ಜೂನ್ 6, ಸಂಜೆ 7:15

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಇಮೇಲಿಗೆ ಮೊದಲು "ಬಿಲ್ ಸರಿಯಿದೆ" ಅಂತ ಉತ್ತರ ಬಂತು. ಮೇಲ್ಮನವಿ ಹಾಕಿದೆ. ಹೊಸ ಬಿಲ್ಲಿನಲ್ಲಿ 188.80 ಹಿಂತಿರುಗಿಸಿದ ಸಾಲು ಇದೆ.

ಹುಡುಗನ ಪಾಲು ಲೆಕ್ಕ ಹಾಕಿದ್ದೆವು. ಕರೆ ತೆರಿಗೆ ಸೇರಿ 1,463, ಗೇಮ್ 840, ಒಟ್ಟು 2,303. ಆ ಭಾನುವಾರ ಮಂಡಿಗೆ ಹುಡುಗನ ತಂದೆಯೂ ಬಂದಿದ್ದರು. ಬಿಲ್ಲಿನ ಪ್ರಿಂಟ್ ಕೈಗೆ ಕೊಟ್ಟೆ, ಒಂದೊಂದು ಕರೆಗೂ ಬೆರಳಿಟ್ಟು ನೋಡಿದರು. "ಇದು ಅಳಿಯನ ನಂಬರ್ರೇ" ಅಂದರು. ಜಗಳದ ಮಾತೇ ಬರಲಿಲ್ಲ. 1,500 ಅಲ್ಲೇ ಕೊಟ್ಟರು, ಉಳಿದ 803ನ್ನು ಮಾವು ಮಾರಿದ ಮೇಲೆ ಕೊಡ್ತೀವಿ ಅಂದಿದ್ದರು, ಇವತ್ತು ಬಂತು. ಫೋನ್ ಮಾರಿದ್ದಕ್ಕೆ ಚೀಟಿಯನ್ನೂ ಈಗ ಬರೆದುಕೊಂಡಿದ್ದೇವೆ: ತಾರೀಕು, ಎರಡೂ ಐಎಂಇಐ, ಮೊತ್ತ, ಎರಡೂ ಕಡೆಯ ಸಹಿ.

ನಂಬರ್ ಬಿಟ್ಟಿಲ್ಲ, ರೈತರಿಗೆಲ್ಲ ಅದೇ ಗೊತ್ತಿರುವುದು. ಐಎಸ್‌ಡಿ ತೆಗೆಸಿ ಪ್ರೀಪೇಯ್ಡ್ ಮಾಡಿಸಿದ್ದೇನೆ. ತುಮಕೂರಿನ ರಿಪೇರಿ ಅಣ್ಣ, ನಮ್ಮ ಮಂಡಿಯ ಹಮಾಲಿಯೊಬ್ಬರು ನಿನ್ನೆ ಫೋನ್ ಮಾರಲು ಹೊರಟಿದ್ದರು. ಸಿಮ್ ಮ್ಯಾನೇಜರ್ ತೆಗೆದು ನೋಡಿದೆವು, ಅವರಿಗೇ ಗೊತ್ತಿಲ್ಲದೆ ಒಂದು ಇ-ಸಿಮ್ ಇತ್ತು. ಅಳಿಸಿಯೇ ಕಳಿಸಿದೆ.