ಮನೆಯ ಕೆಳಗೆ ಹಗೇವು (ಹಿಂದೆ ಜೋಳ ಕೂಡಿಡುತ್ತಿದ್ದ ನೆಲದೊಳಗಿನ ಗುಂಡಿ) ಇದ್ದವರು ಏನು ಮಾಡಿದಿರಿ?

ನರಗುಂದದವರು, ಸದ್ಯ ಪುಣೆ
2019ರಿಂದ ನರಗುಂದದ ಹಳೆಯ ಓಣಿಗಳಲ್ಲಿ ನೆಲ ಕುಸಿಯುತ್ತಿರುವುದು ತಮಗೆ ತಿಳಿದದ್ದೇ. ಈ ಮಳೆಗಾಲದಲ್ಲಿ ನಮ್ಮ ತಂದೆಯವರ ಅಡುಗೆಮನೆಯ ಒಂದು ಮೂಲೆ 4 ಇಂಚು ಇಳಿದಿದೆ. ದುರಸ್ತಿಗೆ ಮೊದಲು ಯಾವ ಪರೀಕ್ಷೆ ಮಾಡಿಸಬೇಕು? ತಂದೆಯವರು ಮನೆ ಬಿಟ್ಟು ಬರಲು ಒಪ್ಪುತ್ತಿಲ್ಲ.

ನಿವೃತ್ತ ಮಾಸ್ತರರು
ನಮ್ಮ ಪಡಸಾಲೆಯ ಕೆಳಗಿನ ಹಗೇವನ್ನು ನಾನು ಎರಡು ಸಲ ತುಂಬಿಸಿದ್ದೇನೆ. ಮೊದಲ ಸಲ ಬಾಯಿಯ ಚಪ್ಪಡಿ ಸರಿಸಿ 5 ಟ್ರ್ಯಾಕ್ಟರ್ ಗರಸು ಸುರಿದೆವು, 17,500 ರೂಪಾಯಿ ಆಯಿತು. ಆದರೆ ಹಗೇವಿನ ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ಮೇಲಿನಿಂದ ಸುರಿದ ಗರಸು ನಡುವೆ ಗುಡ್ಡೆಯಾಗಿ ನಿಂತಿತೇ ಹೊರತು ಹೆಗಲಿನ ಸುತ್ತಲಿನ ಟೊಳ್ಳು ಹಾಗೆಯೇ ಉಳಿಯಿತು. ಮರುವರ್ಷ ಅಂತರ್ಜಲ ಮೇಲೆ ಬಂದು ಗರಸು ಕೂತಾಗ ನೆಲವೂ ಅದರ ಜೊತೆಗೇ ಕೂತಿತು. ಎರಡನೆಯ ಸಲ ನೆಲ ಅಗೆಸಿ, ಒಳಗೆ ದೀಪ ಇಳಿಬಿಟ್ಟು ಗಾಳಿ ಇದೆಯೆಂದು ಖಚಿತಪಡಿಸಿಕೊಂಡ ಮೇಲೆಯೇ ಆಳುಗಳನ್ನು ಇಳಿಸಿ, ಅರ್ಧ ಅಡಿಗೊಮ್ಮೆ ನೀರು ಹಾಕಿ ದಮ್ಮಸು ಮಾಡಿಸಿ, ಕೊನೆಗೆ ಸಿಮೆಂಟಿನ ನೀರುಗಾರೆ ಸುರಿಸಿದೆ. ಅದಕ್ಕೆ 64,000, ಮೇಲಿನ ಕಡಪಾ ಕಲ್ಲಿಗೆ 38,000. ಒಟ್ಟು 1,19,500. ಮೊದಲೇ ಹೀಗೆ ಮಾಡಿದ್ದರೆ 17,500 ಉಳಿಯುತ್ತಿತ್ತು.

ಹುಬ್ಬಳ್ಳಿಯ ಸಿವಿಲ್ ಇಂಜಿನಿಯರ್
ಮಾಸ್ತರರಿಗೆ ಹಗೇವು ಎಲ್ಲಿದೆಯೆಂದು ಮೊದಲೇ ಗೊತ್ತಿತ್ತು. ನಮ್ಮ ಮಾವನವರ ಮನೆಯಲ್ಲಿ ಅದನ್ನು ಬಲ್ಲ ಹಿರಿಯರು ತೀರಿಕೊಂಡಿದ್ದರು. ನೆಲದೊಳಗೆ ರೇಡಾರ್ ಅಲೆ ಬಿಟ್ಟು ಪತ್ತೆ ಮಾಡುತ್ತೇವೆಂದು ಬಂದ ಸಂಸ್ಥೆಯೊಂದಕ್ಕೆ 42,000 ಕೊಟ್ಟು ನಾನೇ ಮೂರ್ಖನಾದೆ. ಒದ್ದೆ ಎರೆಮಣ್ಣು ಆ ಅಲೆಯನ್ನು ನುಂಗಿಬಿಡುತ್ತದೆ ಎಂಬುದನ್ನು ಓದಿಯೂ ಮರೆತಿದ್ದೆ. ವಿದ್ಯುತ್ ರೋಧ ಅಳೆಯುವ ಪರೀಕ್ಷೆಯಲ್ಲಿ ಗಾಳಿ ತುಂಬಿದ ಟೊಳ್ಳು ಎದ್ದು ಕಾಣುತ್ತದೆ, ನೀರು ತುಂಬಿದ್ದರೆ ಸುತ್ತಲಿನ ಹಸಿ ಎರೆಯಿಂದ ಅದನ್ನು ಬೇರ್ಪಡಿಸುವುದು ಕಷ್ಟ. ಕೊನೆಗೆ ನಿಜ ಹೇಳಿದ್ದು ಕೈಬೈರಿಗೆಯಿಂದ ಕೊರೆಸಿದ ಆರು ರಂಧ್ರಗಳು. ಅದಕ್ಕೂ ಮೊದಲು ಬಿರುಕಿನ ಮೇಲೆ ಗಾಜಿನ ಪಟ್ಟಿ ಅಂಟಿಸಿ ದಿನಾಂಕ ಬರೆದಿಡಬೇಕು. ಎರೆಮಣ್ಣು ಉಬ್ಬಿ ಕುಗ್ಗುವುದರಿಂದ ಆದ ಬಿರುಕು ಬೇಸಿಗೆಯಲ್ಲಿ ಬಾಯಿಬಿಟ್ಟು ಮಳೆಗಾಲದಲ್ಲಿ ಮುಚ್ಚಿಕೊಳ್ಳುವುದುಂಟು, ಕೆಳಗೆ ಟೊಳ್ಳಿದ್ದರೆ ಬಿರುಕು ಒಂದೇ ಕಡೆಗೆ ಬೆಳೆಯುತ್ತ ಹೋಗುತ್ತದೆ.

ಬಡಾವಣೆಗೆ ಹೋದವರು
ಇಷ್ಟೆಲ್ಲ ಯಾಕೆ? ನಾನು ಹಳೆಯ ಮನೆ ಮಾರಿ, ಊರ ಹೊರಗೆ ತಳ ಅಗಲಿಸಿದ ಪೈಲುಗಳ (ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ) ಮೇಲೆ ಕಟ್ಟಿಸಿದೆ. ಪೈಲಿಗೇ 3,10,000 ಖರ್ಚಾಯಿತು, ಆದರೆ ಗೋಡೆಯಲ್ಲಿ ಕೂದಲೆಳೆಯಷ್ಟೂ ಬಿರುಕಿಲ್ಲ. ಹಗೇವಿನ ಮೇಲೆ ಮಲಗುವ ಹಟ ನನಗಿಲ್ಲ.

ನಿವೃತ್ತ ಮಾಸ್ತರರು
ಮಾರುವಾಗ ಕೊಂಡವರಿಗೆ ಹಗೇವಿನ ವಿಷಯ ತಿಳಿಸಿದ್ದಿರೋ ಇಲ್ಲವೋ, ಅದನ್ನೂ ಬರೆಯಿರಿ.

ಬಡಾವಣೆಗೆ ಹೋದವರು
ತಿಳಿಸಿಯೇ ಬೆಲೆ ಇಳಿಸಿದ್ದೇನೆ, ಮಾಸ್ತರರೇ. ಖರೀದಿಪತ್ರ ತೋರಿಸಲೇ?

ವಿಮೆಯಿಂದ ನೊಂದವರು
2021ರ ಏಪ್ರಿಲ್‌ನಿಂದ ಬಂದ ಭಾರತ ಗೃಹ ರಕ್ಷಾ ಪಾಲಿಸಿಯಲ್ಲಿ ಮನೆ ನಿಂತ ನೆಲದ ಕುಸಿತಕ್ಕೂ ರಕ್ಷಣೆ ಇದೆ ಎಂದು ನಂಬಿ ನಾನು ಕಂತು ಕಟ್ಟಿದ್ದೆ. ಸರ್ವೇಯರ್ ಬಂದು, ತುಂಬಿದ ಮಣ್ಣು ಜರುಗಿದರೆ ಪರಿಹಾರವಿಲ್ಲ ಎಂಬ ಷರತ್ತು ತೋರಿಸಿದರು. ನಾನು ಹಿಂದಿನ ವರ್ಷ ಹಗೇವು ತುಂಬಿಸಿದ್ದೆನಲ್ಲ, ಅದೇ ನನಗೆ ಮುಳುವಾಯಿತು. ತುಂಬುವ ಮೊದಲಿನ ಒಂದು ಫೋಟೋ ಕೂಡ ನನ್ನ ಬಳಿ ಇರಲಿಲ್ಲ. ಇದಕ್ಕೆಲ್ಲ ಮೂಲ ಮಲಪ್ರಭಾ ಕಾಲುವೆಯ ನೀರು. ಹಗೇವುಗಳು ನಮ್ಮ ಅಜ್ಜಂದಿರ ಕಾಲದಲ್ಲಿ ಒಣಗಿ ಗಟ್ಟಿಯಾಗಿದ್ದವು, ಜೋಳ ಕೆಡುತ್ತಿರಲಿಲ್ಲ.

ಹುಬ್ಬಳ್ಳಿಯ ಸಿವಿಲ್ ಇಂಜಿನಿಯರ್
ಕಾಲುವೆಯೊಂದನ್ನೇ ದೂರಬೇಡಿ. ಮನೆಮನೆಗೆ ನಲ್ಲಿ ಬಂತು, ಬಚ್ಚಲ ನೀರು ಮಾತ್ರ ಇಂಗುಗುಂಡಿಗೇ ಹೋಗುತ್ತಿದೆ. ನಿಮ್ಮ ಇಂಗುಗುಂಡಿ ಹಗೇವಿನಿಂದ ಎಷ್ಟು ಅಡಿ ದೂರವಿತ್ತು?

ವಿಮೆಯಿಂದ ನೊಂದವರು
ಎಂಟು ಅಡಿ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಹೊಲದಲ್ಲಿ ಜವಳು ಹಿಡಿದದ್ದು ನನ್ನ ಬಚ್ಚಲಿನಿಂದಲೇ?

ನರಗುಂದದವರು, ಸದ್ಯ ಪುಣೆ
ಹಿರಿಯರೇ, ನಮ್ಮ ಅಡುಗೆಮನೆಯ ಮೂಲೆಯ ಬಗ್ಗೆ ಯಾರೂ ಹೇಳಲಿಲ್ಲ.

ಹುಬ್ಬಳ್ಳಿಯ ಸಿವಿಲ್ ಇಂಜಿನಿಯರ್
ತಂದೆಯವರ ಹಾಸಿಗೆಯನ್ನೂ ಒಲೆಯನ್ನೂ ಇಂದೇ ಬೇರೆ ಕಡೆಗೆ ಸರಿಸಿ, ಆ ಮೂಲೆಯ ನಲ್ಲಿಯನ್ನು ಬಂದ್ ಮಾಡಿ. ಅನಂತರ ಹಾರೆಯ ಹಿಂಬದಿಯಿಂದ ನೆಲ ಬಡಿದು ಎಲ್ಲಿ ಡೊಳ್ಳಿನ ಸದ್ದು ಬರುತ್ತದೆಯೋ ಅಲ್ಲಿ ಸುಣ್ಣದಿಂದ ಗುರುತು ಹಾಕಿಸಿ.

ನಿವೃತ್ತ ಮಾಸ್ತರರು
ಹಾರೆಯೇ? ನಮ್ಮ ಓಣಿಯಲ್ಲಿ ಬರಿಗಾಲಲ್ಲಿ ನಡೆದವರೇ ಒಳಗೆ ಇಳಿದಿದ್ದಾರೆ. ಹೊಸ್ತಿಲಾಚೆ ನಿಂತು ಉದ್ದನೆಯ ಬಿದಿರಿನಿಂದ ಬಡಿಯಲಿ, ಬಡಿಯುವವನ ಸೊಂಟಕ್ಕೆ ಹಗ್ಗ ಇರಲಿ.